ಮುಟ್ಟಿದರೆ ಒಪ್ಪಿದ ಹಾಗೆ

"ಏನು ಕೇಳ್ತಾರೆ ಅಂತ ತಿಳಿಯೋವರೆಗೂ ಆ ಹಲ್ಲು ಮುಟ್ಬೇಡಿ ದೊರೆ," ದುಭಾಷಿ ಸಕಿಯುಸ ದನಿ ತಗ್ಗಿಸಿ ಹೇಳಿದ. "ಮುಟ್ಟಿದ್ರೆ ಒಪ್ಪಿದ ಹಾಗೆ."

ಗವರ್ನರ್ ಲೆಥ್‌ಬ್ರಿಜ್ ನಕ್ಕುಬಿಟ್ಟ. ಮೂರು ದ್ವೀಪ ಆಳಿ ಫಿಜಿಗೆ ಬಂದವನು. ಈ ಗುಡ್ಡದ ಮೇಲೊಂದು ರಸ್ತೆ ಎಳೆಸಿದರೆ ರಾಣಿಯ ಬಿರುದು ಗ್ಯಾರಂಟಿ. ದುಭಾಷಿಯ ಮಾತಿಗೆ ಕಿವಿಗೊಡುವ ಪೈಕಿಯವನಲ್ಲ.

"ಹಲ್ಲಿಗೂ ಹೆದರ್ತೀರೇನಯ್ಯಾ? ನಮ್ಮಲ್ಲಿ ಹಲ್ಲು ಕೀಳೋನಿಗೆ ಹೆದರ್ತಾರೆ!"

ಗುಡ್ಡದ ಪೂಜಾರಿಯ ಅಂಗೈಯಿಂದ ತಿಮಿಂಗಿಲದ ಹಲ್ಲನ್ನು ಎತ್ತಿಕೊಂಡೇಬಿಟ್ಟ. ಹೊಗೆಗೆ ಹಳದಿಯಾದ, ಕಮಟು ಎಣ್ಣೆ ನಾರುವ ಹಲ್ಲು.

ಮುದುಕ ಕೈಗಳನ್ನು ಬೋಗುಣಿ ಮಾಡಿ ಮೂರು ಸಲ ತಟ್ಟಿದ. ಟೊಪ್. ಟೊಪ್. ಟೊಪ್. ಆಮೇಲೆ ಬಾಯಿ ಬಿಟ್ಟ: "ರಸ್ತೆಗಂತ ನಮ್ಮ ದೇವರ ಬನ ಕಡಿಸಿದೆ. ನಿನ್ನ ಮಗು ಕೊಡು."

ಸಕಿಯುಸ ಅದನ್ನು ದೊರೆಗೆ ಇಂಗ್ಲಿಷಿನಲ್ಲಿ ತಿಳಿಸಿದ.

ಅದೇ ಮಧ್ಯಾಹ್ನ ಬಂಗಲೆಯಲ್ಲಿ ಮಲಗಿದ ದೊರೆಯ ಮಗಳು ಹ್ಯಾರಿಯೆಟ್ ಏಳಲಿಲ್ಲ. ಸಕಿಯುಸನ ಮಗಳು ಲಿತಿಯಾಗಿಂತ ಒಂದೇ ವರ್ಷ ದೊಡ್ಡವಳು. ಮುಚ್ಚಿದ ಕೋಣೆಯಲ್ಲಿ ಕೊಳೆತ ಎಲೆಯ ವಾಸನೆ. ಮಂಚದ ಕೆಳಗಿನ ಕತ್ತಲಲ್ಲಿ ಟೊಪ್ ಎಂದಾಗಲೆಲ್ಲ ಮಗುವಿನ ಉಸಿರು ಚೂರು ಗಿಡ್ಡವಾಗುತ್ತಿತ್ತು. ಬಗ್ಗಿ ನೋಡಿದರೆ ಯಾರೂ ಇಲ್ಲ. ಡಾಕ್ಟರ್ ಕೈಚೆಲ್ಲಿದ.

ಮೂರನೆಯ ದಿನ ದೊರೆಯ ನಗು ಸತ್ತಿತ್ತು. "ವಾಪಸ್ ಕೊಡೋಕಾಗಲ್ವಾ?"

"ಅವರು ತಗೊಳ್ಳಲ್ಲ. ಇನ್ನೊಬ್ರ ಕೈಗಿಟ್ಟು ಅದನ್ನೇ ಕೇಳಿದ್ರೆ ಶಾಪ ಅವರ ತಲೆಗೆ ಹೋಗುತ್ತೆ. ಗೊತ್ತಿದ್ದೂ ಯಾರು ಕೈ ಚಾಚ್ತಾರೆ, ದೊರೆ?" ಸಕಿಯುಸನಿಗೆ ಆ ಮಗುವಿನ ಮೇಲೆ ನಿಜಕ್ಕೂ ಮರುಕವಿತ್ತು.

ದೊರೆ ಬಹಳ ಹೊತ್ತು ಅವನ ಮುಖವನ್ನೇ ನೋಡಿದ. "ನಡಿ. ಮುದುಕನ ಕಾಲು ಹಿಡಿಯೋಣ."

ಬಂಗಲೆಯ ಮೆಟ್ಟಿಲ ಬಳಿ ದೊರೆ ಷೂ ಲಾಡಿ ಕಟ್ಟಲು ಬಗ್ಗಿದ. "ಬೆತ್ತ ಹಿಡ್ಕೋ. ಟೋಪಿ ಹಿಡ್ಕೋ."

ಇಪ್ಪತ್ತು ವರ್ಷ ಗವರ್ನರುಗಳ ಟೋಪಿ ಹಿಡಿದ ಕೈ. ತಾನಾಗಿಯೇ ಮುಂದೆ ಬಂತು.

ಟೋಪಿಯೊಳಗೆ ಬೆರಳಿಗೆ ಏನೋ ತಣ್ಣಗೆ ತಾಗಿತು. ನುಣುಪು. ಎಣ್ಣೆ ಜಿಡ್ಡು.

ದೊರೆ ತಲೆಯೆತ್ತಲಿಲ್ಲ. ಈ ನಾಡಿಗೆ ಬಂದ ಮೇಲೆ ಮೊದಲ ಬಾರಿಗೆ ಸಕಿಯುಸನದೇ ಭಾಷೆಯಲ್ಲಿ, ತೊದಲುತ್ತ ಹೇಳಿದ: "ನಿನ್ನ ಮಗು ಕೊಡು."

ಒಳಗಿನಿಂದ ಹ್ಯಾರಿಯೆಟ್ ಕೂಗಿದಳು. "ಅಪ್ಪಾ, ನೀರು!"

ಸಕಿಯುಸ ಓಡಿದ. ಟೋಪಿ ಬಿತ್ತು. ಹಲ್ಲು ಮುಷ್ಟಿಯಲ್ಲೇ ಉಳಿಯಿತು. ಹಲಸಿನ ಸಾಲು. ತೊರೆ. ಬೇಲಿ. ಉಸಿರು ಕಟ್ಟಿತು. ನಿಲ್ಲಲಿಲ್ಲ. ಅವನ ಮನೆಯ ಬಾಗಿಲಲ್ಲಿ ಹೆಂಡತಿ ತುಟಿಗೆ ಬೆರಳಿಟ್ಟಳು.

"ಶ್! ಸದ್ದು ಮಾಡ್ಬೇಡಿ. ಲಿತಿಯಾ ಈಗಷ್ಟೇ ಮಲಗಿದ್ಲು."

ಒಳಗೆ ಅವಳ ಚಾಪೆಯ ಕೆಳಗೆ ಯಾರೋ ಕೈ ತಟ್ಟಿದರು.