ಟೆನಿಸ್ ಅಂಗಳದ ಹಿಂದಿನ ಬಟ್ಟಲು

"ಅದನ್ನ ಮುಟ್ಬೇಡಿ ಸಾರ್. ಸತ್ತೋರು ಕೊನೇ ಸಲ ಬಳಸಿದ್ದು ಅದು. ಅಲ್ಲೇ ಇರ್ಲಿ."

ಟೆನಿಸ್ ಅಂಗಳದ ಬೇಲಿಯಾಚೆ, ಓಕ್ ಮರಗಳಡಿಯ ಹಳೇ ಗೋರಿಗಳ ನಡುವೆ ಕಸ ಗುಡಿಸುತ್ತಿದ್ದ ಮುದುಕಿ ಎರ್ಸಲೀನ್ ಹೀಗೆಂದಾಗ, ಮನೆ ಕೊಳ್ಳಲು ನೋಡಬಂದಿದ್ದ ವೆಂಡೆಲ್ ನಕ್ಕುಬಿಟ್ಟ. ಗೋರಿಯ ಮೇಲಿದ್ದದ್ದು ಅಂಚು ಒಡೆದ ಒಂದು ನೀಲಿ ಪಿಂಗಾಣಿ ಬಟ್ಟಲು.

"ಯಾಕಜ್ಜಿ, ಸತ್ತೋರಿಗೂ ಕಾಫಿ ಬೇಕಾ?" ಎನ್ನುತ್ತ ಅದನ್ನೆತ್ತಿ ಚೀಲಕ್ಕೆ ಹಾಕಿಕೊಂಡ. ಅವನ ಕಣ್ಣಿಗೆ ಅದು ಬರೀ ಕಸ. ಈ ನಿವೃತ್ತರ ಬಡಾವಣೆಯವರು ಆವರಣ ಚೊಕ್ಕಟವಾಗಿಡುವುದಿಲ್ಲ ಎಂಬುದಕ್ಕೆ ಪುರಾವೆ. ಮನೆ ಮಾರುವವರ ಮುಂದಿಟ್ಟು ಮಾತಾಡಬೇಕು ಎಂದುಕೊಂಡು, ಚೊಕ್ಕಟತನಕ್ಕೆ ಹತ್ತರಲ್ಲಿ ನಾಲ್ಕು ಎಂದು ಪುಸ್ತಕದಲ್ಲಿ ಬರೆದ.

"ನಮ್ಮಜ್ಜ ಬೇರು ಕಟ್ಟಿ ಮಾಟ ಮಾಡಿಟ್ಟಿದ್ದಾನೆ ಸಾರ್." ಮುದುಕಿ ಅವನ ಚೀಲದತ್ತ ಬೆರಳು ತೋರಿಸಿದಳು. "ಒಯ್ದೋರ ಮನೇಲಿ ಒಬ್ರನ್ನ ಕರ್ಕೊಂಡೇ ಬರ್ತದೆ."

ಓಹಾಯೋದ ಚಳಿ ಸಾಕಾಗಿ, ಕಡಲ ದಂಡೆಯಲ್ಲಿ ಮನೆ ಕೊಳ್ಳಲು ಗಂಡ ಹೆಂಡತಿ ಹೊರಟು ಹನ್ನೊಂದು ದಿನವಾಗಿತ್ತು. ಕೆರೊಲಿನಾದ ಕರಾವಳಿಯಲ್ಲಿ ಇದು ಒಂಬತ್ತನೆಯ ಬಡಾವಣೆ. ಒಂದರಲ್ಲಿ ಈಜುಕೊಳ ಚಿಕ್ಕದು, ಇನ್ನೊಂದರಲ್ಲಿ ಬಿರುಗಾಳಿ ವಿಮೆ ದುಬಾರಿ, ಮತ್ತೊಂದರಲ್ಲಿ ಸಮುದ್ರ ಹತ್ತಿರ, ಆಸ್ಪತ್ರೆ ದೂರ. ಅಳೆದೂ ಸುರಿದೂ ವೆಂಡೆಲ್‌ಗೆ ತೃಪ್ತಿಯೇ ಇಲ್ಲ. ಅವನ ಹೆಂಡತಿ ನೊರೀನಳ ಮಂಡಿ ಊದಿತ್ತು. ತೋರಿಸಿದ ಅಡುಗೆಮನೆಯನ್ನೆಲ್ಲ ಹೊಗಳಿ ಹೊಗಳಿ ಬಾಯಿ ಒಣಗಿತ್ತು.

"ಯಾವುದಾದ್ರೂ ಒಂದು ಆರಿಸು ಮಾರಾಯ. ನಂಗೆ ಕೂತ್ಕೋಬೇಕು."

"ಜಾರ್ಜಿಯಾದಲ್ಲಿ ಇನ್ನೊಂದೇ ಒಂದು ನೋಡಿಬಿಡೋಣ."

ಮೂರು ದಿನ ಇದ್ದು ನೋಡಿ ಎಂದು ಬಡಾವಣೆಯವರು ಕೊಟ್ಟಿದ್ದ ಮನೆಯಲ್ಲಿ ಬಟ್ಟಲನ್ನು ಅಡುಗೆಕಟ್ಟೆಯ ಮೇಲಿಟ್ಟು, ಜಾರ್ಜಿಯಾಕ್ಕೆ ಫೋನ್ ಮಾಡಲು ವೆಂಡೆಲ್ ಹೊರಗೆ ಹೋದ. ಬರುವಷ್ಟರಲ್ಲಿ ನೊರೀನ್ ಅದನ್ನು ತೊಳೆದು, ನೀರು ತುಂಬಿಸಿ, ಮಂಡಿನೋವಿನ ಮಾತ್ರೆ ನುಂಗಿದ್ದಳು. ಅರ್ಧ ನೀರು ಉಳಿದಿತ್ತು.

"ಎಷ್ಟು ತಣ್ಣಗಿದೆ ವೆಂಡೆಲ್, ಈ ನೀರು," ಎಂದಳು. ಕಣ್ಣುಗಳು ಅರ್ಧ ಮುಚ್ಚಿದ್ದವು.

ಆಗಲೇ, ಬಿರುಗಾಳಿಗೆಂದು ಕಿಟಕಿಗಳಿಗೆ ಹಾಕಿದ್ದ ತಗಡಿನ ಷಟರುಗಳು ತಾವಾಗಿಯೇ ಇಳಿದವು. ಒಂದು. ಇನ್ನೊಂದು. ಮತ್ತೊಂದು. ಮಧ್ಯಾಹ್ನ ಮೂರು ಗಂಟೆಗೆ ಕಗ್ಗತ್ತಲು. ಹೊಸ ಬಣ್ಣದ ವಾಸನೆ ಅಡಗಿ, ಕಡಲು ಹಿಂದೆ ಸರಿದಾಗ ಏಳುವ ಕೊಳೆತ ಕೆಸರಿನ ನಾತ ಮೂಗಿಗೆ ಅಡರಿತು. ಬಟ್ಟಲಿನಲ್ಲಿ ಚಮಚ ತಿರುಗುವ ಸದ್ದು. ಚಮಚ ಇರಲಿಲ್ಲ. ಕತ್ತಲಲ್ಲಿ ನೊರೀನಳ ಕೈಗೆ ತಡಕಾಡಿದ. ಸಿಕ್ಕಿತು. ಮಂಜಿನಂತಿತ್ತು.

"ಏಳು, ಹೋಗೋಣ!"

"ಇನ್ನೆಲ್ಲಿಗೆ?" ಎಂದಳು.

ಬಟ್ಟಲು ಹಿಡಿದು ಹಿಂಬಾಗಿಲಿಂದ ಗೋರಿಗಳತ್ತ ಓಡಿದ. ನೀರು ಚೆಲ್ಲಲಿಲ್ಲ. ಒಂದು ಹನಿಯೂ.

"ಕುಡಿದೋರು ಯಾರು?" ಎರ್ಸಲೀನ್ ಕೇಳಿದಳು.

"ನನ್ನ ಹೆಂಡ್ತಿ."

ಪೊರಕೆ ನಿಂತಿತು. "ಹಾಗಾದ್ರೆ ಅವರು ಕೊನೆಗೆ ಬಳಸಿದ್ದೂ ಇದೇ ಆಯ್ತು. ಉಳಿದಿದ್ದನ್ನ ನೀವು ಕುಡಿದ್ರೆ ಅವರು ಬದುಕಿ ಮನೆಗೆ ಹೋಗ್ತಾರೆ, ನೀವಿಲ್ಲಿ ಇರ್ತೀರ. ಇಟ್ಟು ಹೋದ್ರೆ ನೀವು ಬದುಕ್ತೀರ. ಬೇಗ ಸಾರ್."

ವೆಂಡೆಲ್ ಬಟ್ಟಲನ್ನು ತುಟಿಗೆ ತಂದ. ಇಳಿಸಿದ. ನಲವತ್ತು ವರ್ಷ ಜೊತೆಗಿದ್ದವಳು. ಮತ್ತೆ ಎತ್ತಿದ. ಮತ್ತೆ ಇಳಿಸಿದ. ಭಯಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಆದರೂ ಬಾಯಿ ಸುಮ್ಮನಿರಲಿಲ್ಲ.

"ಮೂರನೇದು ಏನಾದ್ರೂ ಇದ್ಯಾ ಅಜ್ಜಿ?"

ಮುದುಕಿ ಅವನ ಬೆನ್ನ ಹಿಂದೆ ನೋಡುತ್ತಿದ್ದಳು. ಹುಲ್ಲಿನ ಮೇಲೆ ನೊರೀನ್ ಬರುತ್ತಿದ್ದಳು. ಬರಿಗಾಲಲ್ಲಿ. ಕುಂಟದೆ. ಗಂಡನ ಕೈಯಿಂದ ಬಟ್ಟಲು ತೆಗೆದುಕೊಂಡು ಉಳಿದದ್ದನ್ನೂ ಕುಡಿದಳು. ಗೋರಿಯ ಪಕ್ಕದ ಖಾಲಿ ನೆಲವನ್ನು ಅಂಗೈಯಿಂದ ಸವರಿ, ನಿಟ್ಟುಸಿರುಬಿಟ್ಟು ಮೈಚಾಚಿದಳು.

"ನೀನು ನೋಡ್ಕೊಂಡು ಬಾ ಮಾರಾಯ. ನಂಗೆ ಇದೇ ಸಾಕು."