ಖಾಲಿ ವೃತ್ತದ ಸುತ್ತ ಏಳು ಚುಕ್ಕಿ

ಮಾರ್ಚ್ ಹನ್ನೊಂದು, ಬೆಳಗ್ಗೆ ಹನ್ನೊಂದು ಇಪ್ಪತ್ತು. ದರ್ಜಿಯ ಹೆಂಡತಿ ಠಾಣೆಗೆ ಓಡಿ ಬಂದಾಗ ಅವಳ ಮೊಣಕೈವರೆಗೂ ರಕ್ತವಿತ್ತು.

"ಮಿಷನ್ ಮೇಲೇ ಬಿದ್ದಿದಾರೆ ಸಾರ್. ತಲೇನೇ ಉಳಿದಿಲ್ಲ."

ದಫೇದಾರರು ಎಫ್‌ಐಆರ್ ದಾಖಲಿಸಿದರು. ಮಧ್ಯಾಹ್ನ ಒಂದರ ಹೊತ್ತಿಗೆ ಇನ್‌ಸ್ಪೆಕ್ಟರ್ ಪಂಚನಾಮೆ ಮುಗಿಸಿದರು. ನೆತ್ತಿಯ ಮೇಲೆ ಸುತ್ತಿಗೆಯ ಆರು ಏಟು. ಅರ್ಧ ಹೊಲಿದ ಅಂಗಿಗೆ ಮೂಳೆಚೂರು ಮೆತ್ತಿಕೊಂಡಿತ್ತು. ಕಳ್ಳತನವಾಗಿರಲಿಲ್ಲ.

ನಾಲ್ಕು ತಿಂಗಳಲ್ಲಿ ತಲೆ ಒಡೆದ ಪ್ರಕರಣ ಇಪ್ಪತ್ತಮೂರಾಗಿದ್ದವು, ಸತ್ತವರು ಮೂವರು. ಯಾವುದು ಕುಡುಕರ ಜಗಳ, ಯಾವುದು ಈ ಕೊಲೆಗಾರನ ಕೈ ಎಂದು ಬೇರ್ಪಡಿಸಲು ಆಗದೆ ಇನ್‌ಸ್ಪೆಕ್ಟರ್ ರೋಸಿಹೋಗಿದ್ದರು. ಬದುಕಿದವರೆಲ್ಲ ಏಟು ಹಿಂದಿನಿಂದ ಬಿತ್ತು, ಮುಖ ಕಾಣಲಿಲ್ಲ ಎಂದಿದ್ದರು.

ಮರುದಿನ ಬೆಳಗ್ಗೆ, ಸಂಖ್ಯಾಶಾಸ್ತ್ರ ಓದಿ ಕೆಲಸಕ್ಕೆ ಸೇರಿದ್ದ ಮಹಿಳಾ ಕಾನ್‌ಸ್ಟೇಬಲ್ ಒಂದು ಹಾಳೆ ತಂದು ಮೇಜಿನ ಮೇಲೆ ಹರಡಿದಳು. ಇಪ್ಪತ್ತಮೂರು ಜಾಗಕ್ಕೆ ಇಪ್ಪತ್ತಮೂರು ಚುಕ್ಕಿ. ಅವುಗಳ ಸುತ್ತ ಒಂದರೊಳಗೊಂದು ಬಳೆಯಂಥ ಗೆರೆಗಳು.

"ಏನಮ್ಮ ಇದು, ರಂಗೋಲಿನಾ?" ಎಂದರು ದಫೇದಾರರು.

"ಪ್ರತಿ ಚುಕ್ಕಿ ಮೇಲೂ ಒಂದು ಬೊಗಸೆ ಮರಳು ಸುರಿದ ಹಾಗೆ ಅಣ್ಣ. ಚುಕ್ಕಿ ಒತ್ತಾಗಿರೋ ಕಡೆ ಮರಳು ಸೇರಿ ಗುಡ್ಡ ಆಗುತ್ತೆ. ಒಂದೊಂದು ಎತ್ತರಕ್ಕೆ ಒಂದೊಂದು ಗೆರೆ. ಹಲ್ಲೆ ನಡೆಯೋ ಸಂಭವನೀಯತೆಯಲ್ಲಿ ಅರ್ಧ ಈ ಒಳಗಿನ ಗೆರೆಗಳೊಳಗೇ ಇದೆ."

"ಮರಳು ಎಷ್ಟಗಲ ಹರಡಿದೆ?" ಇನ್‌ಸ್ಪೆಕ್ಟರ್ ಕೇಳಿದರು.

"ಅದೇ ಕಷ್ಟ ಸಾರ್. ಕಡಿಮೆ ಹರಡಿದ್ರೆ ಚುಕ್ಕಿಗೊಂದು ಗುಡ್ಡ, ಜಾಸ್ತಿ ಹರಡಿದ್ರೆ ಊರೆಲ್ಲ ಒಂದೇ ಗುಡ್ಡ. ಐದು ನಿಮಿಷ ನಡೆಯೋ ದೂರ ಇಟ್ಟೆ. ಎರಡು ಗುಡ್ಡ ಎದ್ದವು."

ಮೊದಲನೆಯದು ಹೆಂಡದಂಗಡಿಗಳ ಸಾಲಿನ ಮೇಲೆ. ಅಲ್ಲಿಯ ಗಾಯಗಳೆಲ್ಲ ಬಾಟಲಿಯವು. ಎರಡನೆಯದು ನಾಲ್ಕು ದಾರಿ ಕೂಡುವ ವೃತ್ತದ ಮೇಲೆ. ಸುತ್ತ ಏಳು ಚುಕ್ಕಿ. ಆ ಕಡತಗಳನ್ನು ಒಟ್ಟಿಗಿಟ್ಟು ನೋಡಿದರೆ ಏಳೂ ಸುತ್ತಿಗೆಯ ಏಟು.

"ಗುಡ್ಡದ ತುದಿಯಲ್ಲಿ ಒಂದು ಚುಕ್ಕಿನೂ ಇಲ್ವಲ್ಲ?" ಎಂದರು ಇನ್‌ಸ್ಪೆಕ್ಟರ್.

"ಇಲ್ಲ ಸಾರ್. ಸುತ್ತಲಿನ ಏಳರದ್ದೂ ಸೇರಿ ಅಲ್ಲಿ ಎತ್ತರ ಆಗಿದೆ."

ದಫೇದಾರರ ಮುಖದ ನಗು ಆರಿತು. "ಆ ವೃತ್ತದಲ್ಲೇ ಸಾರ್, ಎರಡು ವರ್ಷದ ಹಿಂದೆ ಬಡಗಿ ಮಗಳನ್ನ ಅವಳ ಗಂಡ ಮಚ್ಚಲ್ಲಿ ಕೊಚ್ಚಿದ್ದು. ಹಾಡಹಗಲು."

ಹಳೆಯ ಕಡತ ತೆಗೆಸಿದರು. ಎಂಟು ಅಂಗಡಿಯವರ ಹೇಳಿಕೆ, ಎಂಟರಲ್ಲೂ ಒಂದೇ ಸಾಲು: 'ಬಾಗಿಲು ಹಾಕಿತ್ತು, ಏನೂ ನೋಡಿಲ್ಲ.' ಸಾಕ್ಷಿಯಿಲ್ಲದೆ ಗಂಡ ಖುಲಾಸೆಯಾಗಿದ್ದ. ಆ ಎಂಟರಲ್ಲಿ ಏಳು ಮಂದಿ ಈಗಿನ ಏಳು ಚುಕ್ಕಿಗಳು. ಉಳಿದವನು ಕ್ಷೌರಿಕ.

ಬಡಗಿಯ ಮನೆಗೆ ಬೀಗ ಬಿದ್ದಿತ್ತು. ಮೂವರೂ ಮಫ್ತಿಯಲ್ಲಿ ಕ್ಷೌರದಂಗಡಿ ಸೇರಿ ಕಾದರು.

ಮಾರ್ಚ್ ಹದಿಮೂರು, ಸಂಜೆ ನಾಲ್ಕೂ ಹತ್ತು. ಬಡಗಿ ಕೈಚೀಲ ಹಿಡಿದು ಒಳಗೆ ಬಂದ. ಸುತ್ತಿಗೆ ಎತ್ತಿದ. ಕ್ಷೌರಿಕನ ತಲೆಗೆ ಬೀಳಬೇಕಿದ್ದ ಏಟು ಅಡ್ಡ ಬಂದ ಕಾನ್‌ಸ್ಟೇಬಲ್‌ಳ ಮುಂಗೈ ಮುರಿಯಿತು. ಎರಡನೆಯದು ಕನ್ನಡಿ ಪುಡಿ ಮಾಡಿತು. ದಫೇದಾರರು ಸೊಂಟ ಹಿಡಿದು ಕೆಡವಿದರು. ಗಾಜಿನ ಚೂರಿನ ಮೇಲೆ ಉರುಳಾಡುತ್ತಲೂ ಅವನು ಸುತ್ತಿಗೆ ಬಿಡಲಿಲ್ಲ. ಇನ್‌ಸ್ಪೆಕ್ಟರ್ ಬೂಟುಗಾಲಲ್ಲಿ ಮಣಿಕಟ್ಟು ಮೆಟ್ಟಿ ಬೇಡಿ ಹಾಕಿದರು.

"ಕೊಂದವನು ನಿನ್ನ ಅಳಿಯ. ಇವರನ್ನ ಯಾಕೆ ಹೊಡೆದೆ?"

"ಅವನು ಹೆದರಿ ಊರು ಬಿಟ್ಟ ಸಾರ್. ಇವರು ದಿನಾ ಅದೇ ಬಾಗಿಲು ತೆಗೀತಿದ್ರು." ಬಡಗಿ ಏದುಸಿರು ಬಿಟ್ಟ. "ನನ್ನ ಮಗು ಒಂದೊಂದು ಬಾಗಿಲೂ ಬಡಿದಿತ್ತಂತೆ. ಎಂಟು ಬಾಗಿಲಲ್ಲೂ ಅವಳ ಕೈಯ ರಕ್ತ ನಾನೇ ನೋಡಿದೀನಿ. ಹೇಳಿದೆ. ತಂದೆ ಮಾತು ಸಾಕ್ಷಿ ಅಲ್ಲ ಅಂದ್ರು."

ಬಡಗಿಯನ್ನು ಜೀಪಿಗೆ ಹತ್ತಿಸಿದರು. ಇನ್‌ಸ್ಪೆಕ್ಟರ್ ಮುಂದೆ ಕೂರುವಷ್ಟರಲ್ಲಿ ಕ್ಷೌರಿಕ ಹೊರಗೆ ಬಂದು ಜೀಪಿನ ಬಾಗಿಲು ಹಿಡಿದುಕೊಂಡ.

"ಸಾರ್, ಅವತ್ತು ನಾನು ನೋಡಿದ್ದೆ. ಪೂರ್ತಿ ನೋಡಿದ್ದೆ. ಬರ್ಕೊಳ್ಳಿ."