ಕೊನೇ ಮನೆ ನಲ್ಲಿ

"ಬಣ್ಣ ಬರಲೇ ಇಲ್ಲ! ನಮ್ಮನೆ ನೀರೇ ಫಸ್ಟ್!" ಸಹನ ಬೆಂಚಿನ ಪಕ್ಕದಲ್ಲೇ ಕುಣಿದಳು.

ಪಾಲಹಳ್ಳಿಯ ಶಾಲೆ. ಮೇಜಿನ ಮೇಲೆ ಎರಡು ಗಾಜಿನ ಕೊಳವೆ. ಎರಡಕ್ಕೂ ಕುಮಾರ್ ಸರ್ ಪರೀಕ್ಷೆಯ ಹನಿ ಬಿಟ್ಟಿದ್ದರು. ಟ್ಯಾಂಕಿನ ಪಕ್ಕದ ಮನೆಯ ಲೋಹಿತ್ ತಂದ ನೀರು ಹಳದಿಯಾಗಿತ್ತು. ಸಹನಳದು ಬೀದಿಯ ಕೊನೇ ಮನೆ. ಅವಳ ನೀರು ಹಾಗೇ ಇತ್ತು.

"ಹಳದಿ ಆದ್ರೇನೇ ಒಳ್ಳೇದು. ಕ್ಲೋರಿನ್ ಇದೆ ಅಂತ," ಎಂದರು ಸರ್. "ಹಳೇ ಪೈಪಿನ ಒಳಗೆ ಲೋಳೆ ಕಟ್ಟುತ್ತೆ. ಅದು ಬ್ಯಾಕ್ಟೀರಿಯಾಗಳ ಮನೆ. ಅವುಗಳ ಜೊತೆ ಗುದ್ದಾಡಿ ಗುದ್ದಾಡಿ ಕ್ಲೋರಿನ್ ದಾರೀಲೇ ಖಾಲಿ. ಲೋಳೆಯೊಳಗೆ ಅಡಗಿದವು ಆರಾಮಾಗಿರ್ತವೆ."

"ಥೂ, ಲೋಳೆ ನೀರು!" ಲೋಹಿತ್ ನಕ್ಕ.

ಸಹನ ನಗಲಿಲ್ಲ. ದಿನಾ ಸಂಜೆ ಐದಕ್ಕೆ ಅರ್ಧ ಬೀದಿಯೇ ಬಿಂದಿಗೆ ಹಿಡಿದು ಅವರ ನಲ್ಲಿಗೆ ಬರುತ್ತಿತ್ತು. "ಔಸ್ದಿ ವಾಸ್ನೇನೇ ಇಲ್ಲ ಚಲುವಕ್ಕ, ಎಳ್ನೀರು ಇದ್ದಂಗದೆ!" ಎಂದರೆ ಅಜ್ಜಿ ಚಲುವಮ್ಮ ಉಬ್ಬುತ್ತಿದ್ದಳು. ಆ ಕೊನೇ ಪೈಪು ತೀರಿಕೊಂಡ ತಾತ ಹಾಕಿದ್ದು. ಬಿಂದಿಗೆ ತುಂಬಿದರೂ ಯಾರೂ ಏಳುತ್ತಿರಲಿಲ್ಲ. ಮಾತು, ಎಲೆಅಡಿಕೆ, ಮತ್ತೆ ಮಾತು.

ಅವತ್ತು ಸಂಜೆ ಸಿದ್ದಲಿಂಗಮ್ಮ ಮೊದಲು ಬಿಂದಿಗೆ ಇಟ್ಟಳು. "ಮೂರು ದಿನದಿಂದ ಮೊಮ್ಮಗೀಗೆ ಭೇದಿ ಕಣಕ್ಕ. ಒಳ್ಳೇದು ಅಂತ ಈ ನೀರ್ನೇ ಕುಡುಸ್ತಿವ್ನಿ."

ಸಹನ ಓಡಿಬಂದು ನಲ್ಲಿ ನಿಲ್ಲಿಸಿಬಿಟ್ಟಳು. "ಬ್ಯಾಡ!" ಸರ್ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

"ನಿಮ್ತಾತ ಆಕಿದ್ ಪೈಪು ಕಣೇ ಅದು!" ಅಜ್ಜಿ ಗದರಿದಳು.

ಸಿದ್ದಲಿಂಗಮ್ಮ ಖಾಲಿ ಬಿಂದಿಗೆ ಎತ್ತಿಕೊಂಡು ಹೋದಳು.

ಮರುದಿನ ಕುಮಾರ್ ಸರ್ ಹೇಳಿಕಳಿಸಿದರು; ಊರಿಗೆ ನೀರು ಬಿಡುವ ದ್ಯಾವಯ್ಯ ಬಂದು ಪೈಪು ಕೊಯ್ದ. ಒಳಗೆಲ್ಲ ಕಂದು ಲೋಳೆ. ಅಜ್ಜಿ ಬೆರಳಿನಿಂದ ಮುಟ್ಟಿದಳು. ಬೆರಳನ್ನು ಕಲ್ಲಿಗೆ ಉಜ್ಜಿದಳು.

"ಕಿತ್ತಾಕ್ಲಾ ದ್ಯಾವ," ಎಂದಳು.

ಹೊಸ ಪೈಪು ಬಂತು. ನೀರಿಗೆ ಬ್ಲೀಚಿಂಗ್ ವಾಸನೆ ಬಂತು. ಆಸ್ಪತ್ರೆಯ ಔಷಧಿಯಿಂದ ಮಗುವಿನ ಭೇದಿ ನಿಂತಿತು. ಈಗ ಎಲ್ಲರ ಮನೆ ನೀರೂ ಒಂದೇ. ಐದಾಯಿತು, ಐದೂವರೆಯಾಯಿತು, ಯಾರೂ ಬರಲಿಲ್ಲ. ಅಜ್ಜಿ ಮೆಟ್ಟಿಲ ಮೇಲೆ ಒಬ್ಬಳೇ ಕುಳಿತಿದ್ದಳು.

"ನಾನು ಹೇಳ್ಬಾರ್ದಿತ್ತಾ ಅಜ್ಜಿ?"

"ಮಗೀಗ್ ಉಸಾರಾಯ್ತಲ್ಲ. ಏಳು, ಸಿದ್ದಲಿಂಗಿ ಮನೇಗೇ ಓಗಿ ಕುಂತ್ಕಳನ."

ಸಹನ ಬೀಗ ಹುಡುಕಿದಳು. ಎಲ್ಲಿದೆ ಎಂದು ಅಜ್ಜಿಗೂ ನೆನಪಿರಲಿಲ್ಲ. ಯಾರಾದರೂ ಬರುತ್ತಲೇ ಇದ್ದ ಆ ಮನೆಗೆ ಯಾವತ್ತೂ ಬೀಗ ಹಾಕಿದ್ದೇ ಇಲ್ಲ.